ಹಿಡಿದು ಬಿಟ್ಟ ಮೀನು

೨೦೧೪ರ ಜುಲೈ ೧೨, ಶನಿವಾರ, ಬೆಳಿಗ್ಗೆ ೭ ಗಂಟೆ ೨೦ ನಿಮಿಷಕ್ಕೆ ಅಮರ್ ನನ್ನ ತೊಡೆಯ ಮೇಲಿದ್ದ ಅಳತೆಯ ಹಲಗೆಯನ್ನು ಕಿತ್ತುಕೊಂಡು ಲೆಸ್ಟರ್ ಪ್ರೂಯಿಟ್‌ನ ಮುಖಕ್ಕೆ ಬೀಸಿದ. ಸಮಯ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣವಿದೆ. ಆಗಷ್ಟೇ ನಾನು ಆ ದಿನದ ಇಪ್ಪತ್ತೇಳನೆಯ ಮೀನಿನ ಉದ್ದವನ್ನು ಬರೆದು, ಪಕ್ಕದ ಕಾಲಂನಲ್ಲಿ ಗಂಟೆ ಬರೆಯುತ್ತಿದ್ದೆ. ಹಲಗೆ ಓಕ್ ಮರದ್ದು, ಎಪ್ಪತ್ತೈದು ಸೆಂಟಿಮೀಟರ್ ಉದ್ದ, ಒಂದು ಅಂಚಿಗೆ ಉಕ್ಕಿನ ಪಟ್ಟಿ. ತಗುಲಿದ್ದು ಆ ಅಂಚು.

ಒಣ ಕೊಂಬೆ ಮುರಿದ ಹಾಗೆ ಸದ್ದಾಯಿತು. ಲೆಸ್ಟರ್ ತನ್ನ ದೋಣಿಯಲ್ಲೇ ಕುಸಿದು ಕುಳಿತ. ಕೆಳದವಡೆ ಮುಖದ ಉಳಿದ ಭಾಗಕ್ಕೆ ಸಂಬಂಧವಿಲ್ಲದಂತೆ ಎಡಕ್ಕೆ ಜಾರಿತ್ತು. ಬಾಯಿಂದ ರಕ್ತ ನೂಲಿನಂತೆ ಇಳಿದು ಅಂಗಿಯ ಗುಂಡಿಗಳ ಮೇಲೆ ಹರಡಿತು. ಅವನು ಅಂಗೈಗೆ ಎರಡು ಹಲ್ಲು ಉಗುಳಿಕೊಂಡು ಅವನ್ನೇ ನೋಡುತ್ತ ಉಳಿದ. ಅಮರ್ ಮತ್ತೆ ಹಲಗೆ ಎತ್ತಿದ. ಅಷ್ಟರಲ್ಲಿ ಶ್ರೀಕರ್ ಹಿಂದಿನಿಂದ ಅವನ ಸೊಂಟ ಹಿಡಿದು ದೋಣಿಯ ತಳಕ್ಕೆ ಕೆಡವಿದ.

“ನಾ ಕೊಂದಿಲ್ಲ,” ಎಂದು ಅಮರ್ ಬಿದ್ದಲ್ಲಿಂದಲೇ ಹೇಳುತ್ತಿದ್ದ, ಅದೂ ಲೆಸ್ಟರ್‌ಗೆ ಕನ್ನಡದಲ್ಲಿ. “ಒಂದೂ ಕೊಂದಿಲ್ಲಲೇ ನಾ. ನಮ್ಮ ಮನ್ಯಾಗ ತತ್ತೀನೂ ಒಡದಿಲ್ಲ.”

ಅವನು ಬಿದ್ದದ್ದು ಒಂಬತ್ತು ಸತ್ತ ಮೀನುಗಳ ಮೇಲೆ. ಅವನ್ನು ನಮ್ಮ ದೋಣಿಗೆ ಒಂದೊಂದಾಗಿ ಎಸೆದವನು ಲೆಸ್ಟರ್.

ನಾವು ಮೂವರೂ ಮಾಂಸ ಮುಟ್ಟದ ಮನೆಗಳಿಂದ ಬಂದವರು. ಅಮರ್ ಗದಗಿನವನು. ಹ್ಯೂಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ತಜ್ಞ, ಮನೆ ಶುಗರ್ ಲ್ಯಾಂಡ್‌ನಲ್ಲಿ. ಶ್ರೀಕರ್ ಉಡುಪಿಯ ರಥಬೀದಿಯ ಹಿಂದಿನ ಓಣಿಯವನು, ಆಸ್ಟಿನ್‌ನಲ್ಲಿ ಚಿಪ್ ಡಿಸೈನ್ ಮಾಡುತ್ತಾನೆ. ನಾನು ಸಂಗಮೇಶ್, ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿದವನು, ಡಲ್ಲಾಸ್ ಪಕ್ಕದ ರಿಚರ್ಡ್‌ಸನ್‌ನಲ್ಲಿ ನೀರು ಪರೀಕ್ಷಿಸುವ ಲ್ಯಾಬಿನಲ್ಲಿದ್ದೇನೆ. ಡಲ್ಲಾಸ್‌ನಿಂದ ಉತ್ತರಕ್ಕೆ ಒಂದೂವರೆ ತಾಸು ಹೋದರೆ ಒಕ್ಲಹೋಮಾದ ಗಡಿಯಲ್ಲಿ ಟೆಕ್ಸೋಮಾ ಜಲಾಶಯ. ಆ ವರ್ಷ ಮೇ ತಿಂಗಳಿಂದ ಹದಿನೈದು ದಿನಕ್ಕೊಮ್ಮೆ ಶುಕ್ರವಾರ ಸಂಜೆ ಇಬ್ಬರೂ ನನ್ನ ಮನೆಗೆ ಬರುತ್ತಿದ್ದರು. ಶನಿವಾರ ಬೆಳಕು ಹರಿಯುವ ಮೊದಲೇ ನೀರಿನ ಮೇಲಿರುತ್ತಿದ್ದೆವು.

ಇದಕ್ಕೆ ಮನೆಯಲ್ಲಿ ಒಪ್ಪಿಗೆ ಸಿಕ್ಕಿದ್ದು ಒಂದು ಷರತ್ತಿನ ಮೇಲೆ. ಅಮರನ ತಾಯಿ ಕಮಲವ್ವ ಹೇಳಿದ್ದರು, “ಹಿಡದು ಬಿಡ್ರಿ, ಬ್ಯಾಡ ಅನ್ನಂಗಿಲ್ಲ. ಜೀಂವಾ ಹೋಗಬಾರ್ದು, ಅಷ್ಟ ನೋಡ್ಕೋರಿ.” ಗಾಳದ ಮುಳ್ಳಿನ ಹಿಂಕೊಕ್ಕೆಯನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡುತ್ತಿದ್ದೆವು. ಒದ್ದೆ ಕೈಯಿಂದಷ್ಟೇ ಮೀನು ಮುಟ್ಟುತ್ತಿದ್ದೆವು. ಅಳೆದು, ಒಂದು ಫೋಟೊ ತೆಗೆದು, ತಲೆ ಮುಂದಾಗಿ ನೀರಿಗೆ ಬಿಡುತ್ತಿದ್ದೆವು. ಅಮರ್ ಬಿಡುವಾಗ ಕೊರಳಿನ ಲಿಂಗದ ಕರಡಿಗೆಯನ್ನು ಒಮ್ಮೆ ಮುಟ್ಟಿಕೊಳ್ಳುತ್ತಿದ್ದ.

ಆ ಜಲಾಶಯದಲ್ಲಿ ತಲೆಗೆ ದಿನಕ್ಕೆ ಹತ್ತು ಮೀನಿನ ಮಿತಿ. ಇಟ್ಟುಕೊಳ್ಳುವವರು ಹತ್ತಾದೊಡನೆ ಎಂಟು ಗಂಟೆಯೊಳಗೆ ದಡ ಸೇರುತ್ತಿದ್ದರು. ನಾವು ಇಟ್ಟುಕೊಳ್ಳುವವರಲ್ಲ, ಆದ್ದರಿಂದ ನಮಗೆ ಹತ್ತು ಎಂಬುದೇ ಇರಲಿಲ್ಲ. ಮಧ್ಯಾಹ್ನದವರೆಗೂ ಹಿಡಿಯುತ್ತಿದ್ದೆವು. ದಡದ ಮೇಜುಗಳ ಮೇಲೆ ಜನ ಮೀನು ಸೀಳುವುದನ್ನು ಕಂಡರೆ ಅಮರ್ ಮುಖ ತಿರುಗಿಸಿ, “ನೋಡಲೇ, ರಾಕ್ಷಸರು” ಎನ್ನುತ್ತಿದ್ದ. ಜುಲೈ ೧೨ರವರೆಗೆ ನನ್ನ ಪುಸ್ತಕದಲ್ಲಿ ೩೧೨ ಮೀನುಗಳಿದ್ದವು. ಪ್ರತಿಯೊಂದರ ಮುಂದೆ ‘ಬಿಡುಗಡೆ’ ಎಂದು ಬರೆದಿದ್ದೆ.

ಲೆಸ್ಟರ್ ನಮಗೆ ಅಪರಿಚಿತನಲ್ಲ. ಅರವತ್ತೆಂಟು ವರ್ಷದ ಗೈಡ್, ಮೂವತ್ತು ವರ್ಷಗಳಿಂದ ಅದೇ ನೀರಿನಲ್ಲಿದ್ದವನು. ಗಾಳ ಹಾಕುವುದನ್ನು ನಮಗೆ ಕಲಿಸಿದವನೇ ಅವನು. ಏಪ್ರಿಲ್‌ನಲ್ಲಿ ನಮ್ಮನ್ನು ಜಲಾಶಯದ ಮೇಲಕ್ಕೆ, ರೆಡ್ ನದಿಯ ಕೆಂಪು ನೀರಿನೊಳಕ್ಕೆ ಕರೆದೊಯ್ದಿದ್ದ.

ಇಲ್ಲಿ ನಾವು ಹಿಡಿಯುತ್ತಿದ್ದ ಪಟ್ಟೆ ಬಾಸ್ ಎಂಬ ಮೀನಿನ ಬಗ್ಗೆ ಸ್ವಲ್ಪ ಹೇಳಬೇಕು. ಅದು ಮೂಲದಲ್ಲಿ ಅಟ್ಲಾಂಟಿಕ್ ಸಮುದ್ರದ್ದು. ಬೆಳ್ಳಿ ಮೈ, ತಲೆಯಿಂದ ಬಾಲದವರೆಗೆ ಏಳೆಂಟು ಕಪ್ಪು ಗೆರೆ. ಸಮುದ್ರದಲ್ಲಿ ಬೆಳೆದು, ವಸಂತದಲ್ಲಿ ನದಿ ಹತ್ತಿ ಮೊಟ್ಟೆಯಿಡುತ್ತದೆ. ಅಣೆಕಟ್ಟಿನ ಹಿಂದೆ ಮರಿಗಳನ್ನು ತಂದು ಬಿಟ್ಟಾಗ ಅವು ಜಲಾಶಯವನ್ನೇ ಸಮುದ್ರವೆಂದುಕೊಂಡು ಬದುಕಿದವು. ಹಾಗೆ ಬಿಟ್ಟ ಬಹಳ ಕಡೆ ಅವು ತಾವಾಗಿ ಸಂತಾನ ಬೆಳೆಸಲಾರವು. ಮೊಟ್ಟೆ ನೀರಿಗಿಂತ ಕೊಂಚವೇ ಭಾರ. ಒಡೆಯುವವರೆಗೆ, ಅಂದರೆ ಸುಮಾರು ಎರಡು ದಿನ, ಹರಿಯುವ ನೀರು ಅದನ್ನು ತೇಲಿಸಿಕೊಂಡು ಹೋಗಬೇಕು. ಹರಿವು ನಿಂತರೆ ಹೂಳಿನಲ್ಲಿ ಮುಳುಗಿ ಉಸಿರುಗಟ್ಟಿ ಸಾಯುತ್ತದೆ. ಟೆಕ್ಸೋಮಾಕ್ಕೆ ಬಂದು ಸೇರುವ ನದಿಗಳಲ್ಲಿ ಅಷ್ಟು ದೂರದ ಹರಿವಿದೆ. ಬದುಕಿದ ಹೆಣ್ಣು ಮರಿ ಜಲಾಶಯಕ್ಕೆ ಇಳಿದು, ನಾಲ್ಕೈದು ವರ್ಷಕ್ಕೆ ಬಲಿತು, ಮತ್ತೆ ನದಿ ಹತ್ತುತ್ತದೆ. ಪೆಸಿಫಿಕ್ ಸಾಲ್ಮನ್‌ನಂತೆ ಮೊಟ್ಟೆಯಿಟ್ಟೊಡನೆ ಸಾಯುವುದಿಲ್ಲ. ವರ್ಷ ವರ್ಷ ಬರುತ್ತದೆ.

ಆ ಏಪ್ರಿಲ್ ಬೆಳಿಗ್ಗೆ ನೀರು ೧೭.೫ ಡಿಗ್ರಿ ಇತ್ತು. ಹತ್ತು ಕಿಲೊ ತೂಗುವಂಥ ಒಂದು ಹೆಣ್ಣು ಮೇಲೆ ಬಂತು. ಸುತ್ತ ಏಳೆಂಟು ಸಣ್ಣ ಗಂಡುಗಳು. ಅವು ಅದರ ಹೊಟ್ಟೆಗೆ ತಲೆಯಿಂದ ಗುದ್ದಿ ಗುದ್ದಿ ಪಕ್ಕಕ್ಕೆ ಉರುಳಿಸಿದವು. ನೀರು ಕುದಿಯುವಂತೆ ಎದ್ದಿತು, ಹುರುಪೆಗಳು ಕಿತ್ತು ಬಂದವು. ಹೆಣ್ಣು ತಪ್ಪಿಸಿಕೊಳ್ಳಲು ದಡದ ಕಲ್ಲಿಗೇ ಹಾಯಿತು. ಅವು ಅಲ್ಲಿಗೂ ನುಗ್ಗಿದವು. ಒಂದು ನಿಮಿಷದೊಳಗೆ ಲಕ್ಷಗಟ್ಟಲೆ ಮೊಟ್ಟೆ ಕೆಂಪು ನೀರಿನಲ್ಲಿ ಹಸಿರು ಮಂಜಿನಂತೆ ಹರಡಿತು. ಹೆಣ್ಣಿನ ಪಕ್ಕೆಯಲ್ಲಿ ರಕ್ತ ಕಟ್ಟಿತ್ತು.

“ಇದನ್ನ ಎಂತ ಹೇಳುವುದು ಮಾರಾಯ, ಮದುವೆಯಾ, ದೊಂಬಿಯಾ?” ಎಂದ ಶ್ರೀಕರ್.

ನಾನು ಗಾಳ ಎತ್ತಿಕೊಂಡಾಗ ಲೆಸ್ಟರ್ ನನ್ನ ಮಣಿಕಟ್ಟು ಹಿಡಿದ. “ಈಗ ಬೇಡ. ಕೆಲಸದಲ್ಲಿರುವವರ ಮೇಲೆ ಗಾಳ ಹಾಕಬಾರದು.” ಅವನ ನಿಯಮಗಳು ಇನ್ನೂ ಕೆಲವಿದ್ದವು. ಮತ್ತೊಬ್ಬನ ದಾರದ ಮೇಲೆ ದಾರ ಎಸೆಯಬಾರದು. ಮೇಲೆದ್ದ ಮೀನಿನ ಗುಂಪಿನ ನಡುವೆ ಮೋಟಾರ್ ಓಡಿಸಬಾರದು. ಒಬ್ಬನು ಲಂಗರು ಹಾಕಿದಲ್ಲಿಗೆ ಕರೆಯದೆ ಹೋಗಬಾರದು. ಬೇಸಿಗೆ ಬಂದ ಮೇಲೆ ಹತ್ತು ಹಿಡಿದು ಮನೆಗೆ ಹೋಗಬೇಕು. ಕೊನೆಯದನ್ನು ಅವನು ಎರಡು ಸಲ ಹೇಳಿದ. ನಾವು ಇಟ್ಟುಕೊಳ್ಳುವುದೇ ಇಲ್ಲವೆಂದು ಅಮರ್ ಹೆಮ್ಮೆಯಿಂದ ಹೇಳಿದಾಗ ಲೆಸ್ಟರ್, “ಜುಲೈನಲ್ಲಿ ಮಾತಾಡೋಣ” ಎಂದಷ್ಟೇ ಅಂದ.

ಜುಲೈನಲ್ಲಿ ಅವನು ಮಾತಾಡಲು ಬಂದ. ನಾವು ಹದಿಮೂರು ಮೀಟರ್ ಆಳದಲ್ಲಿ ಗುಂಪು ಕಂಡು ನಿಂತಿದ್ದೆವು. ಅವನು ತನ್ನ ದೋಣಿಯನ್ನು ನಿಧಾನವಾಗಿ ಪಕ್ಕಕ್ಕೆ ತಂದು, ಕೆಳಗಿಂದ ಒಂದು ಮೀನನ್ನು ಎತ್ತಿ ನಮ್ಮ ಕಾಲ ಬಳಿ ಎಸೆದ. ಬಿಳಿಚಿದ ಕಿವಿರು, ಕಣ್ಣು ಹೊರಬಂದಿತ್ತು.

“ನಿಮ್ಮದು,” ಎಂದ. ಇನ್ನೊಂದು ಎಸೆದ. “ಇದೂ ನಿಮ್ಮದೇ. ಗಾಳಿ ಬೀಸುವ ಕಡೆ ಅರ್ಧ ಮೈಲಿ ಹೋಗಿ ನೋಡಿ, ಸಾಲಾಗಿ ತೇಲುತ್ತಿವೆ.”

“ನಮ್ಮವು ಈಜಿಕೊಂಡು ಹೋದವು,” ಎಂದ ಅಮರ್.

“ಈಜಿಕೊಂಡು ಹೋಗಿ ಸತ್ತವು. ಡಾಕ್ಟರ್, ಈ ನೀರಿನಲ್ಲಿ ನೀನು ನನಗಿಂತ ದೊಡ್ಡ ಕಟುಕ. ನಾನು ಹತ್ತಕ್ಕೆ ನಿಲ್ಲಿಸುತ್ತೇನೆ.”

ಒಂಬತ್ತನೆಯ ಮೀನು ಅಮರನ ಎದೆಗೆ ಬಡಿದು ಕರಡಿಗೆಗೆ ತಾಗಿ ಕೆಳಗೆ ಬಿತ್ತು. ಆಮೇಲಿನದನ್ನು ಆಗಲೇ ಹೇಳಿದ್ದೇನೆ.

ಲೆಸ್ಟರ್‌ನ ದವಡೆ ಎರಡು ಕಡೆ ಮುರಿದಿತ್ತು. ಮೇಲಿನ ಕೆಳಗಿನ ಹಲ್ಲುಗಳನ್ನು ತಂತಿಯಿಂದ ಬಿಗಿದು ಕಟ್ಟಿದರು. ಅಮರನನ್ನು ದಡದಲ್ಲೇ ಕೈಕೋಳ ಹಾಕಿ ಕರೆದೊಯ್ದರು. ಮರುದಿನ ಜಾಮೀನಿನ ಮೇಲೆ ಬಿಟ್ಟರು. ಆಯುಧದಿಂದ ಹಲ್ಲೆ ಎಂಬ ಆರೋಪ ನಿಂತು ಶಿಕ್ಷೆಯಾದರೆ ಅವನ ವೈದ್ಯಕೀಯ ಲೈಸೆನ್ಸ್ ಉಳಿಯುವುದಿಲ್ಲ ಎಂದು ವಕೀಲರು ಹೇಳಿದರು. ಪೆಟ್ಟು ತಿಂದವನೇ ಪ್ರಕರಣ ಬೇಡವೆಂದು ಬರೆದುಕೊಟ್ಟರೆ ಸರಕಾರ ಬಹುಶಃ ಮುಂದುವರಿಸಲಿಕ್ಕಿಲ್ಲ ಎಂದೂ ಹೇಳಿದರು. ಅದನ್ನು ಆಗಸ್ಟ್ ಒಂದರೊಳಗೆ ಬರೆದುಕೊಡಬೇಕಿತ್ತು.

ನಾನು ಲೆಸ್ಟರ್‌ನ ಮನೆಗೆ ಹೋದೆ. ಸ್ಟ್ರಾದಲ್ಲಿ ಸೂಪ್ ಹೀರುತ್ತಿದ್ದ. ತಂತಿಯ ಸಂದಿನಿಂದ ಒಂದೊಂದೇ ಶಬ್ದ ಬಿಟ್ಟ. “ನನಗೆ ಏನೂ ಬೇಡ. ಅವನು ಬಂದು ಹೇಳಲಿ, ಆ ಮೀನು ನಾನು ಕೊಂದದ್ದು ಅಂತ. ಸಹಿ ಮಾಡುತ್ತೇನೆ.”

ಅಮರ್ ಫೋನಿನಲ್ಲಿ ಒಪ್ಪಲಿಲ್ಲ. “ಹೊಡದಿದ್ದಕ್ಕ ಕಾಲ ಹಿಡೀತೀನಿ. ಕೊಂದೆ ಅಂತ ಹ್ಯಾಂಗ ಹೇಳ್ಲಿ? ಸುಳ್ಳು ಹೇಳಿ ಲೈಸೆನ್ಸ್ ಉಳಿಸ್ಕೋಬೇಕಾ?”

ಅವನ ಹೆಂಡತಿ ಶೀತಲ್ ಫೋನ್ ಕಸಿದುಕೊಂಡಳು. “ಸಂಗಣ್ಣಾ, ಇವರಿಗೆ ನೀವಾದ್ರೂ ಹೇಳ್ರಿ. ಒಂದ ಮಾತು ಅಂದ್ರ ಮುಗೀತಲ್ಲ. ಹದಿನಾರು ವರ್ಷ ಓದಿದ್ದು ಒಂದ ಮೀನಿನ ಸಲುವಾಗಿ ಹೋಗಬೇಕೇನ್ರಿ?”

“ಸುಳ್ಳೋ ಖರೇನೋ ನೋಡೇಬಿಡೋಣು,” ಎಂದೆ ನಾನು. “ಬಿಟ್ಟ ಮೀನನ್ನ ಬಲೆ ಪಂಜರದಾಗ ಬಿಟ್ಟು ಎಪ್ಪತ್ತೆರಡು ತಾಸು ಕಾಯೋಣು.”

ಫೋನ್ ಮತ್ತೆ ಅಮರನ ಕೈಗೆ ಹೋಯಿತು. “ಅರ್ಧಕ್ಕಿಂತ ಹೆಚ್ಚು ಸತ್ರ ಹೇಳ್ತೀನಿ. ಅರ್ಧಕ್ಕಿಂತ ಕಡಿಮಿ ಅಂದ್ರ, ಜೈಲಿಗೆ ಹೋದ್ರೂ ಹೇಳಂಗಿಲ್ಲ.”

ಜುಲೈ ೨೫, ಶುಕ್ರವಾರ. ಪಂಜರ ಲೆಸ್ಟರ್‌ನದೇ, ವಿಷಯ ಹೇಳಿ ಕೇಳಿದಾಗ ಕೊಟ್ಟಿದ್ದ. ಎರಡೂವರೆ ಮೀಟರ್ ಅಗಲ, ನೀರಿನ ಮೇಲ್ಮೈಯಿಂದ ಹನ್ನೆರಡು ಮೀಟರ್ ಕೆಳಕ್ಕೆ ಇಳಿಯುವ ಬಲೆಯ ಚೀಲ. ಅವನ ಅಳಿಯ ಅದನ್ನು ಹದಿನಾಲ್ಕು ಮೀಟರ್ ಆಳವಿರುವ ತೇಲುಕಟ್ಟೆಯ ತುದಿಗೆ ಹಗ್ಗದಲ್ಲಿ ಕಟ್ಟಿಕೊಟ್ಟ. ಪಂಜರದ ಪಕ್ಕದಲ್ಲೇ ದೋಣಿ ನಿಲ್ಲಿಸಿ ಹಿಡಿದೆವು. ಮೂವರಿಗೆ ಮೂವತ್ತು ಮೀನು, ಕಾನೂನಿನ ಮಿತಿಯೊಳಗೆ. ಮೇಲಿನ ನೀರು ೨೯.೫ ಡಿಗ್ರಿ, ಹನ್ನೆರಡು ಮೀಟರ್ ಕೆಳಗೆ ೨೪. ಉಳಿದ ದಿನಗಳಲ್ಲಿ ಹೇಗೆ ಮಾಡುತ್ತಿದ್ದೆವೋ ಹಾಗೆಯೇ ಎಲ್ಲವನ್ನೂ ಮಾಡಿದೆವು. ಈ ಸಲ ಸ್ಟಾಪ್‌ವಾಚ್ ಹಿಡಿದಿದ್ದೆ. ಆಗ ಒಂದು ವಿಷಯ ಗೊತ್ತಾಯಿತು. ಮೀನು ನೀರಿನ ಹೊರಗೆ ಇರುತ್ತಿದ್ದದ್ದು ಸರಾಸರಿ ೫೨ ಸೆಕೆಂಡು. ಅದರಲ್ಲಿ ಗಾಳ ಬಿಡಿಸಲು ಹದಿನಾಲ್ಕು. ಉಳಿದದ್ದು ನನ್ನ ಅಳತೆ ಮತ್ತು ಫೋಟೊ.

ಒಂದೊಂದು ಮೀನೂ ಆಳದಿಂದ ಎಳೆದಂತೆ ಮೂರು ನಾಲ್ಕು ನಿಮಿಷ ಹೊಡೆದಾಡಿತು. ಹಿಡಿದ ಕೈಯನ್ನು ಕಿವಿರಿನ ಅಂಚು ಬ್ಲೇಡಿನಂತೆ ಸೀಳಿತು. ಬೆನ್ನಿನ ಮುಳ್ಳು ಶ್ರೀಕರನ ಹೆಬ್ಬೆರಳಿಗೆ ಇಳಿದು ಒಳಗೇ ಮುರಿಯಿತು. ದೋಣಿಯ ತಳದಲ್ಲಿ ನಮ್ಮ ರಕ್ತ, ಮೀನಿನ ರಕ್ತ, ಲೋಳೆ ಒಟ್ಟಿಗೆ ಹರಿದಾಡುತ್ತಿತ್ತು. ೯ ಗಂಟೆ ೧೦ ನಿಮಿಷಕ್ಕೆ ಮೂವತ್ತನೆಯದನ್ನು ಪಂಜರಕ್ಕೆ ಬಿಟ್ಟೆವು. ಮೂವತ್ತೂ ತಲೆ ಕೆಳಗೆ ಮಾಡಿ ಬಾಲ ಬೀಸಿ ಆಳಕ್ಕೆ ಹೋದವು.

“ನೋಡಿದ್ಯಾ?” ಎಂದ ಅಮರ್. “ಹ್ಯಾಂಗ ಹೋದುವು.”

ಶನಿವಾರ ಬೆಳಿಗ್ಗೆ ಪಂಜರ ಎತ್ತಿದಾಗ ಒಂಬತ್ತು ಸತ್ತಿದ್ದವು, ಅವನ್ನು ಹೊರತೆಗೆದೆವು. ಭಾನುವಾರ ಬೆಳಿಗ್ಗೆ ಒಟ್ಟು ಹದಿನಾಲ್ಕು. ಅಮರ್ ಅಂದು ಊಟ ಮಾಡಲಿಲ್ಲ. ದಡದ ಬಾಡಿಗೆ ಕೋಣೆಯಲ್ಲಿ ನನ್ನ ಪುಸ್ತಕ ತೆರೆದು ಕುಳಿತ.

“ಕಂಟ್ರೋಲ್ ಎಲ್ಲೈತಿ?” ಎಂದ.

ನಾನು ಪುಸ್ತಕಕ್ಕೆ ಕೈ ಚಾಚಿದೆ.

“ನಿನ್ನ ಕೇಳಾಕತ್ತೀನಿ, ಸಂಗ್ಯಾ. ಗಾಳ ಕಚ್ಚದ ಮೀನನ್ನ ಪಂಜರದಾಗ ಇಟ್ಟಿಲ್ಲ. ಪಂಜರಾನ ಕೊಂದಿದ್ರ? ಪಿಎಚ್‌ಡಿ ಮಾಡೀಯಲ್ಲ, ಇದನ್ನ ಯಾವ ಜರ್ನಲ್ ತಗೋತೈತಿ?”

“ತಗೊಳ್ಳಂಗಿಲ್ಲ,” ಎಂದೆ. ಅವನು ಹೇಳಿದ್ದು ಸರಿಯಾಗಿತ್ತು. ಗಾಳ ತಾಗದ ಮೀನನ್ನು ಹಿಡಿಯುವ ದಾರಿ ನಮಗಿರಲಿಲ್ಲ. ಇದು ಪ್ರಯೋಗದ ದೋಷ, ನಾನು ಅದನ್ನು ಮೊದಲ ದಿನವೇ ಪುಸ್ತಕದಲ್ಲಿ ಬರೆದಿದ್ದೆ.

“ಜಗಳ ಬೇಡ,” ಎಂದ ಶ್ರೀಕರ್. “ನಾಳೆಗೆ ಮುಗೀತದೆ. ಹದಿನಾಲ್ಕಕ್ಕೇ ನಿಲ್ಲಲೂಬಹುದು.”

ಸೋಮವಾರ ಬೆಳಿಗ್ಗೆ ಆರೂವರೆಗೆ ಎದ್ದಾಗ ಅಮರನ ಹಾಸಿಗೆ ಖಾಲಿ. ನಾನು ಕಟ್ಟೆಗೆ ಓಡಿದೆ. ಅವನು ತುದಿಯಲ್ಲಿ ಬೋರಲಾಗಿ ಮಲಗಿ, ಗಾಳದ ಚಾಕುವಿನಿಂದ ಪಂಜರದ ಹಗ್ಗ ಕೊಯ್ಯುತ್ತಿದ್ದ. ಮೂರು ಎಳೆಗಳಲ್ಲಿ ಎರಡು ಹೋಗಿದ್ದವು.

“ಬಿಡು ಅಮರ್.”

“ಉಳದಾವರ ಬದುಕ್ಲಿ. ಬಲಿ ಹರದು ಬಿಡ್ತೀನಿ.”

“ಹದಿನಾಲ್ಕಕ್ಕ ನಿಲ್ಲಿಸಬೇಕಂತ ಬಂದೀ. ಅಷ್ಟ ಹೇಳು.”

ಅವನು ಎದ್ದ. ನಾನು ಮಣಿಕಟ್ಟು ಹಿಡಿದೆ. ಚಾಕು ನನ್ನ ಮುಂಗೈಯನ್ನು ಮೊಣಕೈಯವರೆಗೆ ಗೀರಿತು. ಮೊದಲು ತಣ್ಣಗೆನ್ನಿಸಿತು, ಆಮೇಲೆ ಉರಿ. ನಾನು ಅವನ ಮೂಗಿಗೆ ಗುದ್ದಿದೆ. ಬದುಕಿನಲ್ಲಿ ಯಾರಿಗೂ ಹಾಗೆ ಹೊಡೆದವನಲ್ಲ. ಮೂಗಿನ ಮೃದ್ವಸ್ಥಿ ಗೆಣ್ಣಿನ ಕೆಳಗೆ ಸರಿದದ್ದು ತಿಳಿಯಿತು, ಮತ್ತೊಮ್ಮೆ ಹೊಡೆಯಬೇಕೆನ್ನಿಸಿತು, ಹೊಡೆದೆ. ಅವನು ನನ್ನ ಕುತ್ತಿಗೆ ಹಿಡಿದು ತಲೆಯನ್ನು ಕಟ್ಟೆಯ ಕಬ್ಬಿಣದ ಗೂಟಕ್ಕೆ ಜಜ್ಜಿದ. ಇಬ್ಬರೂ ನೀರಿಗೆ ಬಿದ್ದೆವು. ನೀರಿನೊಳಗೂ ಅವನ ಕೈ ನನ್ನ ಕುತ್ತಿಗೆ ಬಿಡಲಿಲ್ಲ. ನಾನು ಅವನ ಬೆರಳನ್ನು ಹಿಂದಕ್ಕೆ ಮಡಿಚಿದೆ. ಬೆರಳಿನ ಕೀಲು ಕಳಚಿತು.

ಆಮೇಲೆ ಅವನು ನನ್ನನ್ನು ಬಿಟ್ಟ. ನಾನು ಮೇಲೆ ಬಂದು ಕೆಮ್ಮುತ್ತ ಕಟ್ಟೆ ಹಿಡಿದುಕೊಂಡೆ. ಓಡಿ ಬಂದ ಶ್ರೀಕರ್ ನನ್ನ ಕಾಲರ್ ಹಿಡಿದ. “ನಿಮಗೆ ಇಬ್ಬರಿಗೂ ಹುಚ್ಚು. ಅಹಿಂಸೆಗೆ ಹೊಡೆದಾಡ್ತೀರಲ್ಲ ಮಾರಾಯ.”

ಅಮರ್ ಕಟ್ಟೆ ಹತ್ತಲಿಲ್ಲ. ಅವನು ಪಂಜರದ ಪಕ್ಕದಲ್ಲಿ, ಬಲೆಗೆ ಮುಖವಿಟ್ಟು ತೇಲುತ್ತಿದ್ದ. ಮೂಗಿನಿಂದ ರಕ್ತ ನೀರಿಗೆ ಇಳಿಯುತ್ತಿತ್ತು. ಬಲೆಯಾಚೆ ಒಂದು ಗೇಣು ದೂರದಲ್ಲಿ ಒಂದು ಮೀನು ಪಕ್ಕೆ ಮೇಲಾಗಿ ನಿಂತಿತ್ತು. ಬಾಲ ಅಲ್ಲಾಡುತ್ತಿರಲಿಲ್ಲ. ಬಾಯಿ ದೊಡ್ಡದಾಗಿ ತೆರೆಯಿತು, ಮುಚ್ಚಿತು. ಬಹಳ ಹೊತ್ತಿನ ನಂತರ ಮತ್ತೆ ತೆರೆಯಿತು.

ಅವನು ಕೈಗಡಿಯಾರ ನೋಡಿಕೊಂಡು ಎಣಿಸುತ್ತಿದ್ದ. ಇದೇ ಅವನ ದಿನನಿತ್ಯದ ಕೆಲಸ, ಮಲಗಿರುವವರ ಉಸಿರು ಎಣಿಸುವುದು.

“ನಿಮಿಷಕ್ಕ ಆರು,” ಎಂದ. ಸ್ವಲ್ಪ ಹೊತ್ತಿಗೆ, “ನಾಕು.” ಆಮೇಲೆ ನನ್ನ ಕಡೆ ತಿರುಗದೆ, “ಇದು ಉಸಿರಾಟ ಅಲ್ಲೋ ಸಂಗ್ಯಾ. ಸಾಯೂ ಮುಂದ ಬರೂದು. ಆಪರೇಷನ್ ಟೇಬಲ್ ಮ್ಯಾಲ ನೋಡೀನಿ. ಮೈಯಾಗ ಆಸಿಡ್ ತುಂಬೇತಿ. ನಾವು ಎಳದೆಳದು ಓಡಿಸಿ, ಮ್ಯಾಲ ಗಾಳಿಯೊಳಗ ಹಿಡದು ನಿಂತ್ವಿ.”

ಏಳು ಗಂಟೆಗೆ ಆ ಬಾಯಿ ತೆರೆದು ಹಾಗೇ ನಿಂತಿತು. ಅದು ಹದಿನೈದನೆಯದೋ ಹದಿನಾರನೆಯದೋ, ಮೇಲಿನಿಂದ ನಮಗೆ ಗೊತ್ತಾಗುತ್ತಿರಲಿಲ್ಲ.

ನಾನು ನನ್ನ ಮುಂಗೈಗೆ ಟವೆಲ್ ಸುತ್ತಿಕೊಂಡೆ. ಅಮರ್ ತನ್ನ ಬೆರಳನ್ನು ತಾನೇ ಎಳೆದು ಕೂರಿಸಿಕೊಂಡ. ಒಂಬತ್ತು ಗಂಟೆಗೆ ಲೆಸ್ಟರ್ ಬಂದ. ಹದಿನಾರು ದಿನಗಳಲ್ಲಿ ಕೆನ್ನೆ ಒಳಕ್ಕೆ ಹೋಗಿ ಪ್ಯಾಂಟು ಸಡಿಲವಾಗಿತ್ತು. ಸೊಂಟದ ಬೆಲ್ಟಿಗೆ ತಂತಿ ಕತ್ತರಿಸುವ ಇಕ್ಕಳ ಕಟ್ಟಿಕೊಂಡಿದ್ದ. ವಾಂತಿ ಬಂದರೆ ಹಲ್ಲು ಬಿಡಿಸಿಕೊಳ್ಳಲು ಅದು ಬೇಕು. ಅಮರನ ಊದಿದ ಮೂಗನ್ನೂ ನನ್ನ ಟವೆಲನ್ನೂ ನೋಡಿ ಕಟ್ಟೆಯ ತುದಿಗೆ ನಡೆದ.

೯ ಗಂಟೆ ೧೦ ನಿಮಿಷಕ್ಕೆ ಪಂಜರ ಎಳೆದೆವು. ಅಮರ್ ನನ್ನನ್ನು ತಡೆದು ತಾನೇ ನೀರಿಗೆ ಬಾಗಿದ. ಹೊಸದಾಗಿ ಸತ್ತವನ್ನು ಒಂದೊಂದಾಗಿ ಎತ್ತಿ ಕಟ್ಟೆಯ ಹಲಗೆಗಳ ಮೇಲೆ, ಹಿಂದಿನ ಎರಡು ದಿನಗಳ ಲೆಕ್ಕದ ಮುಂದುವರಿಕೆಯಾಗಿ ಸಾಲಿಟ್ಟ. ಪ್ರತಿಯೊಂದರ ಕಿವಿರು ಎತ್ತಿ ನೋಡಿ, ಕಣ್ಣು ಮುಟ್ಟಿ ನೋಡಿ ಇಡುತ್ತಿದ್ದ. ಮುಳ್ಳು ಚುಚ್ಚಿ ಅವನ ಅಂಗೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಉಳಿದವು ಬಲೆಯ ತಳದಲ್ಲಿ ಸುತ್ತುತ್ತಿದ್ದವು. ಲೆಸ್ಟರ್ ಬಲೆಯ ಬಾಯಿ ಬಗ್ಗಿಸಿ ಅವನ್ನು ಹೊರಗೆ ಬಿಟ್ಟ.

ಆಮೇಲೆ ಸಾಲನ್ನು ನೋಡುತ್ತ, ಬಿಗಿದ ಹಲ್ಲುಗಳ ನಡುವಿನಿಂದ ಅವನೇ ಹೇಳಿದ, “ಪಂಜರದಿಂದಲೂ ಕೆಲವು ಸತ್ತಿರಬಹುದು, ಡಾಕ್ಟರ್. ಬಲೆಗೆ ಮೈ ಉಜ್ಜಿದರೆ ಸಾಯುತ್ತವೆ. ಅದನ್ನು ನೀನು ಹೇಳಬಹುದು. ಹೇಳಿದರೆ ಇಲ್ಲವೆನ್ನುವುದಿಲ್ಲ.”

ನಾನು ಅಮರನನ್ನು ನೋಡಿದೆ. ಹಿಂದಿನ ದಿನದ ಅವನದೇ ವಾದ ಅದು. ಈಗ ಎದುರಾಳಿಯೇ ಕೈಗೆ ಕೊಡುತ್ತಿದ್ದ.

ಅಮರ್ ಎದ್ದು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಲೆಸ್ಟರ್‌ನ ಮುಂದೆ ಹೋಗಿ, ತಂತಿ ಬಿಗಿದ ಆ ದವಡೆಯನ್ನು ಕಣ್ಣು ತಪ್ಪಿಸದೆ ನೋಡಿದ.

“ಆ ಒಂಬತ್ತೂ ನಾನು ಕೊಂದದ್ದು,” ಎಂದು ಇಂಗ್ಲಿಷಿನಲ್ಲಿ ಹೇಳಿದ. “ಇವೂ ನಾನೇ ಕೊಂದದ್ದು. ಬಿಟ್ಟದ್ದು ಮೂವತ್ತು. ಸತ್ತದ್ದು ಹತ್ತೊಂಬತ್ತು.”